ಹಲ್ಲುಚಕ್ರದ ಹಲ್ಲಿಗೆ ಗಣಿತ ಕೊಟ್ಟ ಆಯ್ಲರ್

ಗಣಿತ ಬೋಧನೆಯನ್ನು ಆಯ್ದುಕೊಂಡ ಪ್ರಶಿಕ್ಷಣಾರ್ಥಿಗಳಿಗೆ ಲಿಯೊನ್‌ಹಾರ್ಡ್ ಆಯ್ಲರ್ ಎಂಬ ಹೆಸರು ಹೊಸದೇನೂ ಅಲ್ಲ. ಘನಾಕೃತಿಗಳ ಮುಖ, ಶೃಂಗ, ಅಂಚುಗಳ ಸಂಬಂಧವನ್ನು ಹೇಳುವ ಸೂತ್ರವನ್ನು ಕಲಿಸುವಾಗ ಈ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದೇ ಇರುತ್ತೇವೆ. ನಮ್ಮಲ್ಲಿ ಹಲವರು ಯೂಲರ್ ಎಂದು ಓದುತ್ತೇವೆ. ಅವನ ಊರಿನವರು ಆಯ್ಲರ್ ಎನ್ನುತ್ತಿದ್ದರು. ಇದೇ ಮನುಷ್ಯನ ಹೆಸರು ವಿಜ್ಞಾನದ ತರಗತಿಯಲ್ಲಿ, ಘರ್ಷಣೆಯ ಪಾಠದಲ್ಲೋ ಸರಳ ಯಂತ್ರಗಳ ಪಾಠದಲ್ಲೋ, ಎಂದೂ ಕೇಳಿಬರುವುದಿಲ್ಲ. ಕೇಳಿಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಹಿಟ್ಟಿನ ಗಿರಣಿಯ ಬೆಲ್ಟು ರಾಟೆಯ ಮೇಲೆ ಜಾರದೆ ಹಿಡಿದುಕೊಳ್ಳುವುದು ಎಷ್ಟರ ಮಟ್ಟಿಗೆ ಎಂಬ ಲೆಕ್ಕವೂ, ಬೈಕಿನ ಗೇರ್‌ಪೆಟ್ಟಿಗೆಯೊಳಗಿನ ಹಲ್ಲುಗಳ ಬಾಗುವಿಕೆ ಏಕೆ ಹಾಗಿದೆ ಎಂಬ ವಿವರಣೆಯೂ ಅವನ ಬರಹಗಳಲ್ಲಿವೆ. ಅವನ ಜೀವನವನ್ನು ಆ ಬದಿಯಿಂದ ನೋಡುವುದು ಈ ಲೇಖನದ ಉದ್ದೇಶ. ಅವನ ಶುದ್ಧ ಗಣಿತದ ವಿಷಯ ಬೇರೆ ಕಡೆ ಧಾರಾಳವಾಗಿ ಸಿಗುತ್ತದೆ.

ಆಯ್ಲರ್ ಹುಟ್ಟಿದ್ದು 1707ರ ಏಪ್ರಿಲ್ 15ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ತಂದೆ ಪಾಲ್ ಆಯ್ಲರ್ ಪ್ರಾಟೆಸ್ಟೆಂಟ್ ಪಾದ್ರಿ. ಊರ ಹೊರಗಿನ ರೀಹೆನ್ ಎಂಬ ಹಳ್ಳಿಯ ಚರ್ಚಿನಲ್ಲಿ ಅವನಿಗೆ ಕೆಲಸ. ಹುಡುಗ ಬೆಳೆದದ್ದು ಆ ಹಳ್ಳಿಯಲ್ಲೇ. ತಂದೆ ತನ್ನ ವಿದ್ಯಾರ್ಥಿ ದಿನಗಳಲ್ಲಿ ಜಾಕೋಬ್ ಬರ್ನೂಲಿ ಎಂಬ ಹೆಸರಾಂತ ಗಣಿತಜ್ಞನ ಉಪನ್ಯಾಸಗಳನ್ನು ಕೇಳಿದ್ದವನು. ಆದ್ದರಿಂದ ಮಗನಿಗೆ ಗಣಿತದ ಮೊದಲ ಪಾಠಗಳು ಮನೆಯಲ್ಲೇ ಆದವು. ಬಾಸೆಲಿನ ಶಾಲೆಯಲ್ಲಿ ಗಣಿತ ಹೆಚ್ಚೇನೂ ಇರಲಿಲ್ಲ. ಹದಿಮೂರನೆಯ ವಯಸ್ಸಿಗೆ ಹುಡುಗ ವಿಶ್ವವಿದ್ಯಾಲಯ ಸೇರಿದ. ಆ ಕಾಲಕ್ಕೆ ಅದು ತೀರಾ ಅಪರೂಪವೇನಲ್ಲ. ಮಗನೂ ಪಾದ್ರಿಯೇ ಆಗಬೇಕೆಂದು ತಂದೆಯ ಆಸೆ.

ಅಲ್ಲಿ ಜಾಕೋಬನ ತಮ್ಮ ಯೋಹಾನ್ ಬರ್ನೂಲಿ ಪ್ರಾಧ್ಯಾಪಕ. ಆಯ್ಲರ್ ಅವನ ಬಳಿ ಖಾಸಗಿ ಪಾಠ ಹೇಳಿಕೊಡಿ ಎಂದು ಕೇಳಿದ. ತನಗೆ ಸಮಯವಿಲ್ಲವೆಂದು ಬರ್ನೂಲಿ ಒಪ್ಪಲಿಲ್ಲ. ಬದಲಿಗೆ ಒಂದು ವ್ಯವಸ್ಥೆ ಮಾಡಿದ. ಕಠಿಣವಾದ ಕೆಲವು ಪುಸ್ತಕಗಳ ಹೆಸರು ಹೇಳಿ, ಅವನ್ನು ಸ್ವತಃ ಓದಬೇಕು, ಎಲ್ಲಿ ಅರ್ಥವಾಗದೆ ನಿಲ್ಲುತ್ತದೋ ಅದನ್ನು ಗುರುತು ಹಾಕಿಕೊಂಡು ಶನಿವಾರ ಮಧ್ಯಾಹ್ನ ಬಂದು ಕೇಳಬೇಕು ಎಂದ. ವಾರಕ್ಕೊಮ್ಮೆ, ಒಂದು ಮಧ್ಯಾಹ್ನ, ಅಷ್ಟೇ. ಶನಿವಾರ ಒಯ್ಯುವ ಪ್ರಶ್ನೆಗಳು ಆದಷ್ಟು ಕಡಿಮೆ ಇರಲಿ ಎಂದು ಹುಡುಗ ವಾರವೆಲ್ಲ ತಾನೇ ಗುದ್ದಾಡುತ್ತಿದ್ದ. ಒಂದು ತೊಡಕು ಬಿಡಿಸಿದರೆ ಅದರ ಹಿಂದಿನ ಹತ್ತು ತಾವಾಗಿಯೇ ಬಿಡುತ್ತಿದ್ದವು ಎಂದು ಮುಂದೆ ತನ್ನ ಆತ್ಮಕಥನದ ಟಿಪ್ಪಣಿಯಲ್ಲಿ ನೆನೆದಿದ್ದಾನೆ. ಗಣಿತ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂಬುದು ಅವನ ತೀರ್ಮಾನವಾಗಿತ್ತು. ನಮ್ಮ ಪಾಠ ಯೋಜನೆಗಳಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಎಂದು ಎರಡು ಅಂಕಣ ಎಳೆಯುತ್ತೇವಲ್ಲ, ಯೋಹಾನ್ ಬರ್ನೂಲಿಯ ಯೋಜನೆಯಲ್ಲಿ ಮೊದಲ ಅಂಕಣ ಬಹುಮಟ್ಟಿಗೆ ಖಾಲಿ. ಕೊನೆಗೆ ತಂದೆಯನ್ನು ಒಪ್ಪಿಸಿ ಹುಡುಗನನ್ನು ಗಣಿತಕ್ಕೆ ಬಿಡಿಸಿಕೊಂಡವನೂ ಬರ್ನೂಲಿಯೇ.

1727ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಒಂದು ಸ್ಪರ್ಧೆ ಏರ್ಪಡಿಸಿತ್ತು. ಹಡಗಿನ ಮೇಲೆ ಪಟಸ್ತಂಭಗಳನ್ನು ಎಲ್ಲಿ, ಹೇಗೆ ನಿಲ್ಲಿಸಿದರೆ ಉತ್ತಮ ಎಂಬುದು ಪ್ರಶ್ನೆ. ಇಪ್ಪತ್ತರ ಹರೆಯದ ಆಯ್ಲರ್ ಉತ್ತರ ಬರೆದು ಕಳುಹಿಸಿದ. ಅವನು ಬೆಳೆದ ದೇಶಕ್ಕೆ ಸಮುದ್ರವೇ ಇಲ್ಲ. ಬಹುಮಾನ ಹಡಗುಗಳನ್ನು ಚೆನ್ನಾಗಿ ಬಲ್ಲ ಪಿಯೆರ್ ಬುಗೇರ್ ಎಂಬಾತನಿಗೆ ಹೋಯಿತು. ಆಯ್ಲರ್‌ನ ಪ್ರಬಂಧಕ್ಕೂ ಮನ್ನಣೆ ಸಿಕ್ಕಿತು. ಯಂತ್ರ, ಕಟ್ಟಡ, ಹಡಗು ಇವನ್ನು ಕಾಗದದ ಮೇಲೆ ಲೆಕ್ಕ ಹಾಕಿ ತಿಳಿಯಬಹುದು ಎಂಬ ಅವನ ಧೈರ್ಯ ಅಂದಿನಿಂದಲೇ ಕಾಣುತ್ತದೆ. ಆ ಧೈರ್ಯ ಎಷ್ಟು ಸರಿ ಎಂಬ ಜಗಳವೂ ಅವನನ್ನು ಜೀವನವಿಡೀ ಬಿಡಲಿಲ್ಲ.

ಬಾಸೆಲಿನಲ್ಲಿ ಅವನಿಗೆ ಕೆಲಸ ದೊರೆಯಲಿಲ್ಲ. ಯೋಹಾನ್ ಬರ್ನೂಲಿಯ ಮಗ ಡೇನಿಯಲ್ ಆಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಹೊಸ ಅಕಾಡೆಮಿಯಲ್ಲಿದ್ದ. ಅವನ ಒತ್ತಾಸೆಯಿಂದ ಶರೀರಕ್ರಿಯಾಶಾಸ್ತ್ರದ ಹುದ್ದೆಯೊಂದಕ್ಕೆ ಕರೆ ಬಂತು. ಗಣಿತದ ಹುಡುಗ ಆತುರಾತುರವಾಗಿ ಅಂಗರಚನೆ ಓದಿಕೊಂಡು 1727ರ ವಸಂತದಲ್ಲಿ ಹೊರಟ. ಮುಂದೆ ಅವನು ಬಾಸೆಲಿಗೆ ಮರಳಿ ಬರಲೇ ಇಲ್ಲ. ಮೊದಲ ವರ್ಷಗಳಲ್ಲಿ ರಷ್ಯಾದ ನೌಕಾಪಡೆಯಲ್ಲೂ ಸ್ವಲ್ಪ ಕಾಲ ಸೇವೆ ಮಾಡಿ, 1730ರಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದ. ಡೇನಿಯಲ್ ಊರಿಗೆ ಹಿಂದಿರುಗಿದ ಮೇಲೆ 1733ರಲ್ಲಿ ಗಣಿತದ ಪೀಠ ಅವನದಾಯಿತು. ಮರುವರ್ಷ ಕತರೀನಾ ಗ್ಸೆಲ್ ಎಂಬವಳೊಡನೆ ಮದುವೆ. ಅವಳ ತಂದೆ ಸ್ವಿಸ್ ಚಿತ್ರಕಾರ. ಹದಿಮೂರು ಮಕ್ಕಳು ಹುಟ್ಟಿದರು, ಬದುಕಿ ದೊಡ್ಡವರಾದದ್ದು ಐವರು ಮಾತ್ರ.

ಪೀಟರ್ಸ್‌ಬರ್ಗಿನ ಅಕಾಡೆಮಿ ಸರ್ಕಾರದ ಸಂಸ್ಥೆ. ಸಂಬಳ ಕೊಡುವ ಸರ್ಕಾರ ಕೆಲಸವನ್ನೂ ಕೇಳುತ್ತಿತ್ತು. ನಕ್ಷೆ ತಯಾರಿಕೆ, ತೂಕದ ಯಂತ್ರಗಳ ಪರಿಶೀಲನೆ, ಬೆಂಕಿ ಆರಿಸುವ ಪಂಪಿನ ಪರೀಕ್ಷೆ ಇಂಥವು ಆಯ್ಲರ್‌ನ ಪಾಲಿಗೆ ಬಂದವು. ಅಕಾಡೆಮಿಗೆ ಸೇರಿದ ಶಾಲೆಯ ಮಕ್ಕಳಿಗೆಂದು ಅವನು ಅಂಕಗಣಿತದ ಒಂದು ಪಠ್ಯಪುಸ್ತಕವನ್ನೂ ಬರೆದ. ಅದರ ಮೊದಲ ಭಾಗ ಅಚ್ಚಾದದ್ದು 1738ರಲ್ಲಿ. ಎರಡು ವರ್ಷ ಹಿಂದೆಯಷ್ಟೇ ಬಲವಿಜ್ಞಾನವನ್ನು ಕಲನಶಾಸ್ತ್ರದ ಭಾಷೆಯಲ್ಲಿ ಬರೆದು ಯುರೋಪಿನ ಪಂಡಿತರಿಂದ ಹೊಗಳಿಸಿಕೊಂಡವನು, ಕೂಡುವುದು ಕಳೆಯುವುದು ಮಕ್ಕಳಿಗೆ ಹೇಗೆ ಹೇಳಬೇಕೆಂದು ಕೂತು ಯೋಚಿಸಿದ. ಅದನ್ನು ಕೀಳು ಕೆಲಸ ಎಂದು ಅವನು ತಿಳಿದಂತಿಲ್ಲ. ಆ ವರ್ಷವೇ ತೀವ್ರ ಕಾಯಿಲೆಯಾಗಿ ಬಲಗಣ್ಣು ಹೋಯಿತು. ನಕ್ಷೆಗಳನ್ನು ನೋಡಿ ನೋಡಿ ಕಣ್ಣು ದಣಿದದ್ದೇ ಕಾರಣವೆಂದು ಅವನ ನಂಬಿಕೆ.

ರಷ್ಯಾದ ರಾಜಕೀಯ ಕದಡಿದಾಗ 1741ರಲ್ಲಿ ಪ್ರಷ್ಯಾದ ದೊರೆ ಎರಡನೆಯ ಫ್ರೆಡರಿಕ್‌ನ ಕರೆಗೆ ಓಗೊಟ್ಟು ಆಯ್ಲರ್ ಬರ್ಲಿನ್ನಿಗೆ ಬಂದ. ಅಲ್ಲಿ ಇಪ್ಪತ್ತೈದು ವರ್ಷ ಇದ್ದ. ನಮ್ಮ ವಿಷಯಕ್ಕೆ ಸಂಬಂಧಿಸಿದ ಕೆಲಸವೆಲ್ಲ ನಡೆದದ್ದು ಬಹುಪಾಲು ಈ ಅವಧಿಯಲ್ಲೇ.

ದೊರೆಗೂ ಅವನಿಗೂ ಹೊಂದಿಕೆಯಾಗಲಿಲ್ಲ. ಫ್ರೆಡರಿಕ್‌ಗೆ ಫ್ರೆಂಚ್ ನಯನಾಜೂಕಿನ, ಮಾತಿನಲ್ಲಿ ಮಿಂಚುವ ಜನ ಬೇಕು. ಆಯ್ಲರ್ ಸಾದಾ ಮನುಷ್ಯ, ದೈವಭಕ್ತ, ಮನೆ ತುಂಬ ಮಕ್ಕಳು. ಒಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಲೆಕ್ಕ ಬರೆಯುತ್ತಿದ್ದನೆಂದು ಅವನನ್ನು ಕಂಡವರು ಹೇಳಿದ್ದಾರೆ. ಅವನ ಒಂಟಿಗಣ್ಣನ್ನು ದೊರೆ ಗೇಲಿ ಮಾಡುತ್ತಿದ್ದ. ಆದರೂ ಕಾಲುವೆಯ ಮಟ್ಟ ನೋಡುವುದು, ಲಾಟರಿಯ ಲೆಕ್ಕ, ವಿಧವೆಯರ ಪಿಂಚಣಿ ನಿಧಿಯ ಲೆಕ್ಕ ಎಲ್ಲಕ್ಕೂ ಅವನೇ ಬೇಕಾಗಿತ್ತು.

ಇವುಗಳಲ್ಲಿ ಒಂದು ಕೆಲಸ ಆಯ್ಲರ್‌ನ ಹೆಸರಿಗೆ ಮಸಿ ಬಳಿಯಿತು. ಪಾಟ್ಸ್‌ಡಾಮ್‌ನಲ್ಲಿ ದೊರೆ ಕಟ್ಟಿಸಿದ ಸಾನ್‌ಸೂಸಿ ಅರಮನೆಯ ತೋಟಕ್ಕೆ ಎತ್ತರದ ಕಾರಂಜಿ ಬೇಕಿತ್ತು. ಹಾವೆಲ್ ನದಿಯ ನೀರನ್ನು ಗಾಳಿಗಿರಣಿಯಿಂದ ನಡೆಯುವ ಪಂಪುಗಳು ಸುಮಾರು 50 ಮೀಟರ್ ಎತ್ತರದ ಗುಡ್ಡದ ಮೇಲಿನ ತೊಟ್ಟಿಗೆ ಏರಿಸಬೇಕು, ಅಲ್ಲಿಂದ ನೀರು ಇಳಿದು ತೋಟದಲ್ಲಿ ಚಿಮ್ಮಬೇಕು. 1748ರಲ್ಲಿ ಕೆಲಸ ಶುರುವಾಯಿತು. ಖರ್ಚು ಉಳಿಸಲು ಕೊಳವೆಗಳನ್ನು ಮರದಿಂದ ಮಾಡಿದರು. ಪಂಪು ನಡೆಸಿದೊಡನೆ ಕೊಳವೆಗಳು ಸಿಡಿದವು. ಆಮೇಲೆ 1749ರಲ್ಲಿ ಆಯ್ಲರ್‌ಗೆ ನೋಡಲು ಹೇಳಿದರು. ಅವನು ಲೆಕ್ಕ ಹಾಕಿ ದೊರೆಗೆ ಬರೆದು ತಿಳಿಸಿದ್ದರ ಸಾರ ಹೀಗೆ: ಕೊಳವೆ ತಡೆಯಬೇಕಾದ್ದು ನಿಂತ ನೀರಿನ ಎತ್ತರದ ಒತ್ತಡವನ್ನು ಮಾತ್ರವಲ್ಲ. ಉದ್ದನೆಯ ಕೊಳವೆಯಲ್ಲಿರುವ ಅಷ್ಟೂ ನೀರನ್ನು ಪಂಪಿನ ಪ್ರತಿ ಹೊಡೆತವೂ ತಳ್ಳಿ ಚಲಿಸುವಂತೆ ಮಾಡಬೇಕಲ್ಲ, ಅದಕ್ಕೆ ಬೇಕಾದ ಒತ್ತಡ ಇನ್ನೂ ಹೆಚ್ಚು. ಕೊಳವೆ ಕಿರಿದಾದಷ್ಟೂ ಅದು ಏರುತ್ತದೆ. ಆದ್ದರಿಂದ ಕೊಳವೆ ಅಗಲವಾಗಿರಬೇಕು, ಸೀಸದ್ದಾಗಿರಬೇಕು, ಸಾಕಷ್ಟು ದಪ್ಪವಿರಬೇಕು. ಇಲ್ಲದಿದ್ದರೆ ಮತ್ತೆ ಸಿಡಿಯುತ್ತದೆ.

ಮಾತು ನಡೆಯಲಿಲ್ಲ, ಕೊಳವೆ ಮತ್ತೆ ಸಿಡಿಯಿತು. ಫ್ರೆಡರಿಕ್ ಬದುಕಿರುವಾಗ ಆ ಕಾರಂಜಿ ಚಿಮ್ಮಿದ್ದು 1754ರಲ್ಲಿ ಒಮ್ಮೆ, ಸ್ವಲ್ಪ ಹೊತ್ತು, ಗುಡ್ಡದ ತೊಟ್ಟಿಯಲ್ಲಿ ತಾನಾಗಿ ತುಂಬಿದ ಮಳೆ ಮತ್ತು ಹಿಮದ ನೀರಿನಿಂದ. ಸರಿಯಾಗಿ ಹಾರಿದ್ದು 1842ರಲ್ಲಿ, ಉಗಿಯಂತ್ರ ಬಂದ ಮೇಲೆ. ಆದರೆ ದೊರೆ 1778ರಲ್ಲಿ ವೊಲ್ಟೇರ್‌ಗೆ ಬರೆದ ಕಾಗದದಲ್ಲಿ ತಪ್ಪನ್ನೆಲ್ಲ ಆಯ್ಲರ್‌ನ ಚಕ್ರಗಳ ಲೆಕ್ಕದ ತಲೆಗೆ ಕಟ್ಟಿ, ಗಣಿತವೇ ವ್ಯರ್ಥವೆಂದು ನಕ್ಕ. ದೊರೆಯ ಕಾಗದವನ್ನು ಎಲ್ಲರೂ ಓದಿದರು. ಆಯ್ಲರ್‌ನ ಎಚ್ಚರಿಕೆಯನ್ನು ಓದಿದವರು ಕಡಿಮೆ. ದೊಡ್ಡ ಗಣಿತಜ್ಞನಿಗೆ ಒಂದು ಪಂಪು ಮಾಡಲು ಬರಲಿಲ್ಲ ಎಂಬ ಕಥೆ ಎರಡು ಶತಮಾನಕ್ಕೂ ಮೀರಿ ಪುಸ್ತಕದಿಂದ ಪುಸ್ತಕಕ್ಕೆ ನಡೆಯಿತು. ಇತ್ತೀಚಿನ ಇತಿಹಾಸಕಾರರು ಮೂಲ ಪತ್ರಗಳನ್ನು ತೆಗೆದು ನೋಡಿದ ಮೇಲೆ ಅದು ತಿರುಗಿದೆ. ಪುಸ್ತಕದ ಜ್ಞಾನ ಬೇರೆ, ಕೈಕೆಲಸ ಬೇರೆ ಎಂದು ತರಗತಿಯಲ್ಲಿ ಹೇಳುವವರು ಈ ಕಾರಂಜಿಯ ಕಥೆಯನ್ನು ಉದಾಹರಣೆಗೆ ಬಳಸದಿರುವುದು ಒಳ್ಳೆಯದು. ಇಲ್ಲಿ ಲೆಕ್ಕ ಸರಿಯಿತ್ತು.

ಇನ್ನು ಹಲ್ಲುಚಕ್ರದ ವಿಷಯ. ಆ ಕಾಲದ ಗಿರಣಿಗಳಲ್ಲಿ ಚಕ್ರಗಳೂ ಹಲ್ಲುಗಳೂ ಹೆಚ್ಚಾಗಿ ಮರದವು. ಬಡಗಿ ಗೂಟಗಳನ್ನು ಕೆತ್ತಿ ಚಕ್ರದ ಅಂಚಿಗೆ ಬಡಿದು ಕೂರಿಸುತ್ತಿದ್ದ. ತಿರುಗುವಾಗ ಕಡಕಡ ಸದ್ದು, ಹಲ್ಲು ಸವೆತ, ಆಗಾಗ ಮುರಿತ. ಇದಕ್ಕೆ ಕಾರಣ ಬಡಗಿಯ ಅಜಾಗರೂಕತೆ ಮಾತ್ರವೇ? ಅಲ್ಲ.

ಇಲ್ಲಿ ನಮ್ಮ ಪಾಠಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಸೂಕ್ಷ್ಮವಿದೆ. 20 ಹಲ್ಲಿನ ಚಕ್ರ 60 ಹಲ್ಲಿನ ಚಕ್ರವನ್ನು ತಿರುಗಿಸಿದರೆ ಚಿಕ್ಕದು ಮೂರು ಸುತ್ತು ಸುತ್ತುವಾಗ ದೊಡ್ಡದು ಒಂದು ಸುತ್ತು ಎಂದು ಕಲಿಸುತ್ತೇವೆ. ಸರಿ. ಇದು ಹಲ್ಲಿನ ಆಕಾರ ಹೇಗಿದ್ದರೂ ಸರಿಯೇ. ಗೂಟವಾದರೂ, ಗರಗಸದ ಹಲ್ಲಾದರೂ. ಏಕೆಂದರೆ ಇದು ಪೂರ್ಣ ಸುತ್ತುಗಳ ಲೆಕ್ಕ, ಅಂದರೆ ಸರಾಸರಿ. ಆದರೆ ಒಂದು ಹಲ್ಲು ಇನ್ನೊಂದನ್ನು ಮುಟ್ಟಿ, ತಳ್ಳಿ, ಬಿಡುವ ಆ ಒಂದು ಕ್ಷಣದೊಳಗೆ ಏನಾಗುತ್ತದೆ? ಹಲ್ಲಿನ ಆಕಾರ ಸರಿಯಿಲ್ಲದಿದ್ದರೆ ಚಾಲಕ ಚಕ್ರ ಒಂದೇ ವೇಗದಲ್ಲಿ ತಿರುಗುತ್ತಿದ್ದರೂ ಎದುರಿನ ಚಕ್ರ ಪ್ರತಿ ಹಲ್ಲಿಗೂ ಒಮ್ಮೆ ಓಡುತ್ತದೆ, ಒಮ್ಮೆ ತಡೆಯುತ್ತದೆ. ನಿಧಾನವಾಗಿ ತಿರುಗುವ ಗಾಣದಲ್ಲಿ ಇದು ಬರೀ ಸದ್ದು. ವೇಗವಾಗಿ ತಿರುಗುವ ಭಾರಿ ಚಕ್ರಗಳಲ್ಲಿ ಪ್ರತಿ ಹಲ್ಲಿಗೂ ಒಂದು ಸುತ್ತಿಗೆ ಪೆಟ್ಟು. ಹಲ್ಲುಗಳ ಎಣಿಕೆ ಸರಾಸರಿ ವೇಗವನ್ನು ತೀರ್ಮಾನಿಸುತ್ತದೆ, ಹಲ್ಲಿನ ಆಕಾರ ಕ್ಷಣಕ್ಷಣದ ವೇಗವನ್ನು ತೀರ್ಮಾನಿಸುತ್ತದೆ. ಎರಡು ಬೇರೆ ಪ್ರಶ್ನೆಗಳು.

ಎರಡನೆಯ ಪ್ರಶ್ನೆಗೆ ಆಯ್ಲರ್‌ಗಿಂತ ಮೊದಲೇ ಕೈ ಹಾಕಿದವರಿದ್ದರು. ಫ್ರಾನ್ಸಿನ ಲಾ ಹಿರ್, ಅವನ ಬಳಿಕ ಕಾಮ್ಯೂ ಇವರು ಒಂದು ವೃತ್ತದ ಮೇಲೆ ಇನ್ನೊಂದು ವೃತ್ತ ಉರುಳುವಾಗ ಅದರ ಅಂಚಿನ ಬಿಂದು ಎಳೆಯುವ ಎಪಿಸೈಕ್ಲಾಯ್ಡ್ ಎಂಬ ರೇಖೆಯ ಆಕಾರದಲ್ಲಿ ಹಲ್ಲು ಕೆತ್ತಿದರೆ ಚಲನೆ ಸಮವಾಗಿರುತ್ತದೆ ಎಂದು ತೋರಿಸಿದ್ದರು. ಗಡಿಯಾರದವರು ಇಂದಿಗೂ ಆ ವಂಶದ ಹಲ್ಲುಗಳನ್ನೇ ಇಷ್ಟಪಡುತ್ತಾರೆ. ಆಯ್ಲರ್ ಪ್ರಶ್ನೆಯನ್ನು ಬುಡದಿಂದ ಎತ್ತಿಕೊಂಡ. ಬರ್ಲಿನ್ನಿನಲ್ಲಿದ್ದರೂ ಪೀಟರ್ಸ್‌ಬರ್ಗಿಗೆ ಪ್ರಬಂಧ ಕಳುಹಿಸುವುದನ್ನು ಅವನು ನಿಲ್ಲಿಸಿರಲಿಲ್ಲ. ಚಕ್ರದ ಹಲ್ಲುಗಳಿಗೆ ಅತ್ಯಂತ ತಕ್ಕ ಆಕಾರ ಯಾವುದು ಎಂಬ ಅವನ ಲ್ಯಾಟಿನ್ ಪ್ರಬಂಧ ಅಲ್ಲಿನ ಸಂಪುಟದಲ್ಲಿ 1760ರಲ್ಲಿ ಅಚ್ಚಾಯಿತು, ಅದರ ಪೂರಕ ಪ್ರಬಂಧ 1767ರಲ್ಲಿ.

ಅವನು ಹಲ್ಲಿಗೆ ಎರಡು ಬೇಡಿಕೆ ಇಟ್ಟ. ಒಂದು, ವೇಗದ ಅನುಪಾತ ಪ್ರತಿ ಕ್ಷಣವೂ ಒಂದೇ ಆಗಿರಬೇಕು. ಎರಡು, ಹಲ್ಲುಗಳು ಒಂದರ ಮೇಲೊಂದು ಜಾರದೆ ಬರೀ ಉರುಳಬೇಕು. ಜಾರಿದರೆ ಘರ್ಷಣೆ, ಘರ್ಷಣೆಯಾದರೆ ಸವೆತ. ಲೆಕ್ಕ ಹಾಕಿದಾಗ ಎರಡೂ ಒಟ್ಟಿಗೆ ಸಾಧ್ಯವಿಲ್ಲವೆಂದು ತಿಳಿಯಿತು. ಎರಡು ಚಕ್ರಗಳ ಕೇಂದ್ರಗಳನ್ನು ಸೇರಿಸುವ ಗೆರೆಯ ಮೇಲೆ ಸ್ಪರ್ಶವಾಗುವ ಒಂದು ಕ್ಷಣದಲ್ಲಿ ಮಾತ್ರ ಶುದ್ಧ ಉರುಳುವಿಕೆ ಇರುತ್ತದೆ, ಅದರ ಆಚೀಚೆ ಜಾರುವಿಕೆ ತಪ್ಪಿದ್ದಲ್ಲ. ಏನನ್ನಾದರೂ ಬಿಡಬೇಕು. ಅವನು ಸಮವೇಗವನ್ನು ಉಳಿಸಿಕೊಂಡು ಘರ್ಷಣೆಯನ್ನು ಒಪ್ಪಿಕೊಂಡ. ಗೇರ್‌ಪೆಟ್ಟಿಗೆಗೆ ಎಣ್ಣೆ ಏಕೆ ಬೇಕು ಎಂದು ಮಕ್ಕಳು ಕೇಳಿದರೆ ಉತ್ತರ ಇಲ್ಲಿದೆ.

ಸಮವೇಗಕ್ಕೆ ಬೇಕಾದ ಷರತ್ತು ಇದು: ಎರಡು ಹಲ್ಲುಗಳು ಮುಟ್ಟಿರುವ ಬಿಂದುವಿನಲ್ಲಿ ಎರಡಕ್ಕೂ ಲಂಬವಾಗಿ ಎಳೆದ ಗೆರೆ, ಮುಟ್ಟುವ ಜಾಗ ಎಲ್ಲೇ ಇರಲಿ, ಕೇಂದ್ರಗಳ ಗೆರೆಯನ್ನು ಯಾವಾಗಲೂ ಒಂದೇ ಸ್ಥಿರ ಬಿಂದುವಿನಲ್ಲಿ ಕತ್ತರಿಸಬೇಕು. ಇದನ್ನು ಪೂರೈಸುವ ರೇಖೆಗಳು ಹಲವು. ಅವುಗಳಲ್ಲಿ ಆಯ್ಲರ್ ಎತ್ತಿ ಹಿಡಿದದ್ದು ಇನ್‌ವಲ್ಯೂಟ್ ಎಂಬ ರೇಖೆಯನ್ನು. ಲೋಲಕದ ಗಡಿಯಾರದ ಸಂದರ್ಭದಲ್ಲಿ ಹೈಗೆನ್ಸ್ ಈ ಬಗೆಯ ರೇಖೆಗಳ ಅಧ್ಯಯನ ಮಾಡಿದ್ದ.

ಇದನ್ನು ತರಗತಿಯಲ್ಲಿ ತೋರಿಸಲು ಒಂದು ಡಬ್ಬಿಯ ಮುಚ್ಚಳ, ಒಂದು ದಾರ, ಒಂದು ಪೆನ್ಸಿಲ್ ಸಾಕು. ಮುಚ್ಚಳವನ್ನು ಕಾಗದದ ಮೇಲೆ ಅಲುಗದಂತೆ ಇಟ್ಟು, ಸುತ್ತ ದಾರ ಸುತ್ತಿ, ತುದಿಗೆ ಪೆನ್ಸಿಲ್ ಕಟ್ಟಿ, ದಾರವನ್ನು ಬಿಗಿಯಾಗಿ ಹಿಡಿದು ಬಿಚ್ಚುತ್ತ ಹೋದರೆ ಪೆನ್ಸಿಲ್ ಎಳೆಯುವುದೇ ಇನ್‌ವಲ್ಯೂಟ್. ಅದರ ಆರಂಭದ ಚಿಕ್ಕ ತುಂಡೇ ಹಲ್ಲಿನ ಪಕ್ಕೆ. ಇದು ಏಕೆ ಕೆಲಸ ಮಾಡುತ್ತದೆ? ಎರಡು ರಾಟೆಗಳ ನಡುವೆ ಬೆಲ್ಟನ್ನು ಇಂಗ್ಲಿಷಿನ ಎಂಟರ ಅಂಕಿಯಂತೆ ಅಡ್ಡ ಹಾಕಿದ್ದೇವೆ ಎಂದುಕೊಳ್ಳಿ. ಒಂದು ರಾಟೆ ತಿರುಗಿದರೆ ಇನ್ನೊಂದು ಎದುರು ದಿಕ್ಕಿಗೆ, ಸಮವೇಗದಲ್ಲಿ, ಸದ್ದಿಲ್ಲದೆ ತಿರುಗುತ್ತದೆ. ಈಗ ಆ ಬೆಲ್ಟಿನ ನೆಟ್ಟನೆಯ ಭಾಗದ ಮೇಲೆ ಒಂದು ಚುಕ್ಕೆ ಗುರುತು ಮಾಡಿ. ಚುಕ್ಕೆ ಒಂದು ರಾಟೆಯಿಂದ ಇನ್ನೊಂದಕ್ಕೆ ಸಾಗುವಾಗ, ಮೊದಲ ರಾಟೆಗೆ ಅಂಟಿಸಿದ ರಟ್ಟಿನ ಮೇಲೆ ಒಂದು ಇನ್‌ವಲ್ಯೂಟನ್ನೂ, ಎರಡನೆಯದಕ್ಕೆ ಅಂಟಿಸಿದ ರಟ್ಟಿನ ಮೇಲೆ ಇನ್ನೊಂದನ್ನೂ ಎಳೆಯುತ್ತ ಹೋಗುತ್ತದೆ. ಆ ಎರಡು ರೇಖೆಗಳ ಮೇಲೆ ರಟ್ಟನ್ನು ಕತ್ತರಿಸಿ ಹಲ್ಲು ಮಾಡಿ ಬೆಲ್ಟನ್ನು ತೆಗೆದುಹಾಕಿದರೂ, ಹಲ್ಲು ಹಲ್ಲನ್ನು ತಳ್ಳುವ ಚಲನೆ ಬೆಲ್ಟಿನ ಚಲನೆಯೇ ಆಗಿರುತ್ತದೆ. ಗೇರ್‌ಗಳ ನಡುವೆ ಕಣ್ಣಿಗೆ ಕಾಣದ ಒಂದು ಅಡ್ಡ ಬೆಲ್ಟು ಓಡುತ್ತಿದೆ ಎಂದೇ ಹೇಳಬಹುದು. ಬೆಲ್ಟು ಮತ್ತು ಗೇರ್ ಎರಡು ಬೇರೆ ಪಾಠಗಳು ಎಂದು ಎಣಿಸುವ ಅಗತ್ಯವಿಲ್ಲ.

ಈ ಚಿತ್ರ ಮನಸ್ಸಿಗೆ ಹತ್ತಿದರೆ ಇನ್‌ವಲ್ಯೂಟಿನ ದೊಡ್ಡ ಗುಣವೂ ತಾನಾಗಿ ತಿಳಿಯುತ್ತದೆ. ರಾಟೆಗಳನ್ನು ಸ್ವಲ್ಪ ದೂರ ಸರಿಸಿ ತಕ್ಕ ಉದ್ದದ ಬೆಲ್ಟು ಹಾಕಿದರೆ ವೇಗದ ಅನುಪಾತ ಬದಲಾಗುವುದಿಲ್ಲ, ಏಕೆಂದರೆ ಅದು ರಾಟೆಗಳ ಗಾತ್ರವನ್ನು ಮಾತ್ರ ಅವಲಂಬಿಸಿದೆ. ಹಾಗೆಯೇ ಇನ್‌ವಲ್ಯೂಟ್ ಹಲ್ಲಿನ ಚಕ್ರಗಳ ಕೇಂದ್ರಗಳು ತುಸು ಹೆಚ್ಚುಕಡಿಮೆ ದೂರದಲ್ಲಿ ಕೂತರೂ, ಬೇರಿಂಗ್ ಸವೆದು ಸರಿದರೂ, ಚಲನೆ ಸಮವಾಗಿಯೇ ಉಳಿಯುತ್ತದೆ. ಎಪಿಸೈಕ್ಲಾಯ್ಡ್ ಹಲ್ಲುಗಳಿಗೆ ಈ ಸಹನೆ ಇಲ್ಲ. ಕಾರ್ಖಾನೆಯಲ್ಲಿ ಯಾವುದೂ ಕಾಗದದ ಮೇಲಿದ್ದಷ್ಟು ನಿಖರವಾಗಿ ಕೂರುವುದಿಲ್ಲವಾದ್ದರಿಂದ ಈ ಗುಣಕ್ಕೆ ಬೆಲೆ ಹೆಚ್ಚು.

ಆದರೆ ಗಿರಣಿ ಕಟ್ಟುವವರು ಲ್ಯಾಟಿನ್ ಓದುವವರಲ್ಲ. ಹಲ್ಲನ್ನು ಉಳಿಯಿಂದ ಕೆತ್ತುವ ಕಾಲಕ್ಕೆ ಇಷ್ಟು ನಾಜೂಕಿನ ರೇಖೆ ಬೇಕಾಗಿಯೂ ಇರಲಿಲ್ಲ. ಎರಕದ ಕಬ್ಬಿಣದ ಚಕ್ರಗಳು, ಉಗಿಯಂತ್ರದ ವೇಗ ಬಂದ ಮೇಲೆ ಬೇಕಾಯಿತು. ಕೇಂಬ್ರಿಡ್ಜ್‌ನ ರಾಬರ್ಟ್ ವಿಲ್ಲಿಸ್ 1838ರಲ್ಲಿ ಹಲ್ಲಿನ ಆಕಾರವನ್ನು ಸುಲಭವಾಗಿ ಗುರುತು ಹಾಕುವ ಅಳತೆಪಟ್ಟಿಯೊಂದನ್ನು ಕೆಲಸಗಾರರ ಕೈಗೆ ಕೊಟ್ಟ. 1897ರಲ್ಲಿ ಜರ್ಮನಿಯ ಹರ್ಮನ್ ಫೌಟರ್ ಹಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಇನ್‌ವಲ್ಯೂಟ್ ಹಲ್ಲನ್ನು ನೇರ ಪಕ್ಕೆಯ ಉಪಕರಣದಿಂದಲೇ, ಉಪಕರಣವನ್ನೂ ಚಕ್ರವನ್ನೂ ಒಟ್ಟಿಗೆ ಚಲಿಸುತ್ತ, ಕತ್ತರಿಸಬಹುದು. ಬಾಗಿದ ರೇಖೆಗೆ ಬಾಗಿದ ಉಳಿ ಬೇಡ. ಯಂತ್ರೋದ್ಯಮದಲ್ಲಿ ಇನ್‌ವಲ್ಯೂಟ್ ಉಳಿದೆಲ್ಲವನ್ನೂ ಬದಿಗೊತ್ತಿದ್ದಕ್ಕೆ ಇದೇ ಮುಖ್ಯ ಕಾರಣ. ಅಷ್ಟು ಹೊತ್ತಿಗೆ ಆಯ್ಲರ್ ಸತ್ತು ನೂರು ವರ್ಷದ ಮೇಲಾಗಿತ್ತು.

ಬೆಲ್ಟಿನ ವಿಷಯಕ್ಕೆ ಅವನು ಬಂದದ್ದು ಘರ್ಷಣೆಯ ಮೂಲಕ. ನಿಂತಿರುವ ವಸ್ತುವನ್ನು ಕದಲಿಸಲು ಬೇಕಾದ ಘರ್ಷಣೆ, ಕದಲಿದ ಮೇಲಿನ ಘರ್ಷಣೆ ಇವೆರಡನ್ನು ಇಳಿಜಾರು ಹಲಗೆಯ ಉದಾಹರಣೆಯಿಂದ ಬೇರೆಬೇರೆಯಾಗಿ ಅಳೆಯುವ ಬಗೆಯನ್ನು ಅವನು ಆಗಲೇ ಹೇಳಿದ್ದ. 1760ರ ದಶಕದಲ್ಲಿ ಬರ್ಲಿನ್ ಅಕಾಡೆಮಿಗಾಗಿ ಫ್ರೆಂಚ್‌ನಲ್ಲಿ ಬರೆದ ಪ್ರಬಂಧದಲ್ಲಿ ಕಂಬಕ್ಕೆ ಸುತ್ತಿದ ಹಗ್ಗವನ್ನು ತೆಗೆದುಕೊಂಡ. ಬಂದರಿನಲ್ಲಿ ಒಬ್ಬನೇ ಆಳು ಕಂಬಕ್ಕೆ ಎರಡು ಮೂರು ಸುತ್ತು ಹಗ್ಗ ಸುತ್ತಿ ದೊಡ್ಡ ಹಡಗನ್ನು ತಡೆಯುವುದು ಹೇಗೆ?

ಹಗ್ಗ ಕಂಬವನ್ನು ಮುಟ್ಟಿರುವ ಪ್ರತಿ ಚಿಕ್ಕ ತುಣುಕೂ ತನ್ನ ಆಗಿನ ಬಿಗಿತದ ಒಂದು ಚಿಕ್ಕ ಪಾಲನ್ನು ಘರ್ಷಣೆಯಿಂದ ಹಿಡಿದುಕೊಳ್ಳುತ್ತದೆ. ಪಾಲು ಎಂಬುದು ಇಲ್ಲಿ ಮುಖ್ಯ. ಚಕ್ರಬಡ್ಡಿಯಲ್ಲಿ ಬಡ್ಡಿಯ ಮೇಲೆ ಬಡ್ಡಿ ಸೇರುವ ಹಾಗೆ ಇಲ್ಲಿ ಸುತ್ತಿನ ಮೇಲೆ ಸುತ್ತು ಗುಣಿಸುತ್ತ ಹೋಗುತ್ತದೆ. ಎರಡು ತುದಿಗಳ ಬಿಗಿತದ ಅನುಪಾತ ಬೇಕಾದರೆ, ಘರ್ಷಣಾಂಕವನ್ನು ಸುತ್ತಿದ ಕೋನದಿಂದ ಗುಣಿಸಿ, ಬಂದದ್ದನ್ನು ಆಯ್ಲರ್ ಇ ಎಂದು ಹೆಸರಿಟ್ಟ ಸಂಖ್ಯೆಯ, ಅಂದರೆ ಸುಮಾರು 2.718ರ, ಘಾತವಾಗಿ ಏರಿಸಬೇಕು. ಘರ್ಷಣಾಂಕ 0.3 ಎಂದಿಟ್ಟುಕೊಂಡರೆ ಅರ್ಧ ಸುತ್ತಿಗೆ ಅನುಪಾತ ಸುಮಾರು 2.6, ಒಂದು ಸುತ್ತಿಗೆ 6.6, ಎರಡು ಸುತ್ತಿಗೆ 43, ಮೂರು ಸುತ್ತಿಗೆ 286. ಒಂದು ಕಿಲೋ ಬಲದಿಂದ ಹಿಡಿದವನು ಮೂರು ಸುತ್ತಿನ ಆಚೆ 286 ಕಿಲೋ ತಡೆಯುತ್ತಾನೆ. ಕಂಬ ದಪ್ಪವೋ ಸಣ್ಣದೋ ಎಂಬುದು ಲೆಕ್ಕದಲ್ಲಿ ಬರುವುದೇ ಇಲ್ಲ. ಮಕ್ಕಳು ಇದನ್ನು ಸುಲಭಕ್ಕೆ ನಂಬುವುದಿಲ್ಲ. ಕಿಟಕಿಯ ಸರಳು, ಬೆಂಚಿನ ಕಾಲು, ಒಂದು ಹಗ್ಗ, ನೀರು ತುಂಬಿದ ಬಾಟಲಿ ಇದ್ದರೆ ಅವರೇ ಮಾಡಿ ನೋಡಬಹುದು. ಎರಡೂ ಕಂಬಗಳ ಮೇಲ್ಮೈ ಒಂದೇ ಬಗೆಯದಿರಲಿ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆಯ್ಟೆಲ್‌ವೈನ್ ಎಂಬ ಪ್ರಷ್ಯಾದ ಎಂಜಿನಿಯರ್ ಇದನ್ನು ಕಟ್ಟೋಣಗಾರರ ಕೈಪಿಡಿಗೆ ತಂದ. ಅದಕ್ಕೇ ಸೂತ್ರಕ್ಕೆ ಇಬ್ಬರ ಹೆಸರೂ ಅಂಟಿಕೊಂಡಿದೆ. ಬೆಲ್ಟಿನ ವಿನ್ಯಾಸ ಮಾಡುವವರು ಇಂದಿಗೂ ಶುರುಮಾಡುವುದು ಇಲ್ಲಿಂದಲೇ. ಚಿಕ್ಕ ರಾಟೆಯ ಮೇಲೆ ಬೆಲ್ಟು ಅಪ್ಪಿಕೊಂಡಿರುವ ಕೋನ ಕಡಿಮೆ, ಆದ್ದರಿಂದ ಜಾರುವುದು ಅಲ್ಲೇ ಮೊದಲು. ನಡುವೆ ಇನ್ನೊಂದು ರಾಟೆ ಇಟ್ಟು ಬೆಲ್ಟನ್ನು ಒತ್ತುವುದು, ಅಡ್ಡ ಬೆಲ್ಟು ಹಾಕುವುದು, ಇವೆಲ್ಲ ಆ ಕೋನವನ್ನು ಹೆಚ್ಚಿಸುವ ಉಪಾಯಗಳು. ವಿ ಆಕಾರದ ಬೆಲ್ಟು ರಾಟೆಯ ಕಂಡಿಯಲ್ಲಿ ಬೆಣೆಯಂತೆ ಕೂತು ಕೋನದ ಬದಲು ಘರ್ಷಣೆಯನ್ನು ಹೆಚ್ಚಿಸುತ್ತದೆ.

ಬರ್ಲಿನ್ನಿನ ಕೊನೆಯ ವರ್ಷಗಳಲ್ಲಿ, 1760ರಿಂದ 1762ರವರೆಗೆ, ಆಯ್ಲರ್ ರಾಜಬಂಧುವಾದ ಒಬ್ಬ ಹುಡುಗಿಗೆ ಪತ್ರಗಳ ಮೂಲಕ ಭೌತವಿಜ್ಞಾನ, ಖಗೋಳ, ತರ್ಕಶಾಸ್ತ್ರ ಹೇಳಿಕೊಟ್ಟ. ಒಟ್ಟು 234 ಪತ್ರಗಳು, ಸೂತ್ರಗಳ ಹಂಗಿಲ್ಲದೆ ಬರೆದವು. ತರ್ಕದ ವಾಕ್ಯಗಳನ್ನು ವೃತ್ತಗಳಿಂದ ತೋರಿಸಿದ್ದು ಇವುಗಳಲ್ಲೇ. ಗಣಗಳ ಪಾಠದಲ್ಲಿ ನಾವು ಬರೆಯುವ ವೆನ್ ನಕ್ಷೆಗೆ ಅದು ಹಿರಿಯಣ್ಣ. ಆಮೇಲೆ ಪುಸ್ತಕವಾಗಿ ಹಲವು ಭಾಷೆಗಳಿಗೆ ಹೋಯಿತು.

ಅಕಾಡೆಮಿಯ ಅಧ್ಯಕ್ಷ ಸ್ಥಾನ ತೆರವಾದಾಗ ದೊರೆ ಅದನ್ನು ಆಯ್ಲರ್‌ಗೆ ಕೊಡಲಿಲ್ಲ. 1766ರಲ್ಲಿ ಅವನು ಸಂಸಾರ ಸಮೇತ ಪೀಟರ್ಸ್‌ಬರ್ಗಿಗೆ ಹಿಂದಿರುಗಿದ. ಸ್ವಲ್ಪದರಲ್ಲೇ ಎಡಗಣ್ಣಿಗೂ ಪೊರೆ ಬಂತು. 1771ರಲ್ಲಿ ಶಸ್ತ್ರಚಿಕಿತ್ಸೆಯಿಂದ ಕೆಲವು ದಿನ ಬೆಳಕು ಕಂಡು, ಆಮೇಲೆ ಕೀವಾಗಿ ಪೂರ್ಣ ಕುರುಡಾದ. ಅದೇ ವರ್ಷ ಊರಿಗೆ ಬಿದ್ದ ಬೆಂಕಿಯಲ್ಲಿ ಮನೆ ಸುಟ್ಟಿತು. ಬಾಸೆಲಿನಿಂದ ಬಂದಿದ್ದ ಪೀಟರ್ ಗ್ರಿಮ್ ಎಂಬ ಕುಶಲಕರ್ಮಿ ಒಳಗೆ ನುಗ್ಗಿ ಮುದುಕನನ್ನು ಹೆಗಲ ಮೇಲೆ ಹೊತ್ತು ತಂದ. 1773ರಲ್ಲಿ ಹೆಂಡತಿ ತೀರಿಕೊಂಡಳು. ಮೂರು ವರ್ಷದ ಮೇಲೆ ಅವಳ ಮಲತಂಗಿಯನ್ನು ಮದುವೆಯಾದ.

ಕಣ್ಣು ಹೋದ ಮೇಲೆ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಿತು. ಅವನು ಹೇಳುತ್ತಿದ್ದ, ಮಕ್ಕಳೂ ಶಿಷ್ಯರೂ ಬರೆದುಕೊಳ್ಳುತ್ತಿದ್ದರು. ಬೀಜಗಣಿತದ ಪಠ್ಯಪುಸ್ತಕವನ್ನು ಹೇಳಿ ಬರೆಸಲು ಅವನು ಆರಿಸಿಕೊಂಡದ್ದು ಗಣಿತ ಗೊತ್ತಿಲ್ಲದ ಒಬ್ಬ ಯುವಕನನ್ನು. ಬರ್ಲಿನ್ನಿನಿಂದ ಸೇವಕನಾಗಿ ಕರೆತಂದ, ಹಿಂದೆ ದರ್ಜಿಯ ಬಳಿ ಕೆಲಸ ಕಲಿತಿದ್ದ ಹುಡುಗ. ಪುಸ್ತಕ ಮುಗಿಯುವ ಹೊತ್ತಿಗೆ ಆ ಹುಡುಗ ಬೀಜಗಣಿತದ ಕಠಿಣ ಲೆಕ್ಕಗಳನ್ನು ತಾನೇ ಬಿಡಿಸುವಂತಾಗಿದ್ದ ಎಂದು ಪುಸ್ತಕದ ಮುನ್ನುಡಿ ಹೇಳುತ್ತದೆ. ಪಠ್ಯವನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಕಟುವಾದ ಕ್ರಮ ನನಗೆ ತಿಳಿದಿಲ್ಲ: ಬರೆಯುವವನಿಗೆ ಅರ್ಥವಾಗದ ವಾಕ್ಯ ಅಲ್ಲೇ ನಿಂತುಹೋಗುತ್ತಿತ್ತು. 1770ರ ಆಸುಪಾಸಿನಲ್ಲಿ ರಷ್ಯನ್ ಮತ್ತು ಜರ್ಮನ್ ಭಾಷೆಗಳಲ್ಲಿ ಅಚ್ಚಾದ ಆ ಪುಸ್ತಕ ಬಹುಕಾಲ ಯುರೋಪಿನ ಶಾಲೆಗಳಲ್ಲಿ ನಡೆಯಿತು.

1783ರ ಸೆಪ್ಟೆಂಬರ್ 18ರಂದು ಆಯ್ಲರ್ ಮೊಮ್ಮಗುವಿಗೆ ಗಣಿತ ಹೇಳಿಕೊಟ್ಟ. ಆ ವರ್ಷವಷ್ಟೇ ಫ್ರಾನ್ಸಿನಲ್ಲಿ ಹಾರಿದ್ದ ಬಿಸಿಗಾಳಿಯ ಬಲೂನು ಎಷ್ಟು ಎತ್ತರ ಏರುತ್ತದೆಂದು ಸ್ಲೇಟಿನ ಮೇಲೆ ಲೆಕ್ಕ ಹಾಕಿದ. ಹೊಸದಾಗಿ ಕಂಡಿದ್ದ ಯುರೇನಸ್ ಗ್ರಹದ ಕಕ್ಷೆಯ ಬಗ್ಗೆ ಶಿಷ್ಯ ಲೆಕ್ಸೆಲ್‌ನೊಂದಿಗೆ ಮಾತನಾಡಿದ. ಸಂಜೆ ಮಿದುಳಿನ ರಕ್ತಸ್ರಾವವಾಗಿ ಪ್ರಜ್ಞೆ ತಪ್ಪಿ, ರಾತ್ರಿ ತೀರಿಕೊಂಡ. ಅವನು ಬಿಟ್ಟುಹೋದ ಪ್ರಬಂಧಗಳನ್ನು ಅಚ್ಚು ಮಾಡಿ ಮುಗಿಸಲು ಪೀಟರ್ಸ್‌ಬರ್ಗಿನ ಅಕಾಡೆಮಿಗೆ ಮತ್ತೆ ಹಲವು ದಶಕಗಳೇ ಬೇಕಾದವು.